ಮದ್ದು ಮುಟ್ಟಿತೇ?

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಆಯ್ದುಕೊಂಡಿರುವ ವಿಷಯ ನಾಲ್ಕು ಜನರೆದುರು ಬಾಯಿಬಿಟ್ಟು ಆಡಲು ಸಂಕೋಚವಾಗುವಂಥದು. ಮೂತ್ರಾಶಯ, ಅದಕ್ಕೆ ಬರುವ ಕ್ಯಾನ್ಸರು, ಆ ಕ್ಯಾನ್ಸರಿಗೆಂದು ಕೊಟ್ಟ ಮದ್ದು ಹೋಗಬೇಕಾದ ಜಾಗಕ್ಕೆ ಹೋಗಿ ಮುಟ್ಟಿತೋ ಇಲ್ಲವೋ ಎಂಬುದನ್ನು ಚಿತ್ರ ತೆಗೆದು ನೋಡುವ ಬಗೆ—ಇಷ್ಟು ಇಂದಿನ ಮಾತು. ನಾವು ಡಾಕ್ಟರರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ರವಾನೆ ಖಾತೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಸಂಜೆ ಈ ಕೊಠಡಿಯ ಬೀಗ ತೆಗೆದು ಪತ್ರಿಕೆ ಹರವುವುದು ನಮ್ಮ ಪಾಲಿಗೆ ಬಂದ ಸೇವೆ. ಓದಿ ತಿಳಿದದ್ದನ್ನು ಹೇಳುತ್ತೇವೆ. ಯಾರಿಗೆ ಯಾವ ಚಿಕಿತ್ಸೆ ಎಂಬುದು ವೈದ್ಯರಿಗೆ ಬಿಟ್ಟ ಮಾತು.

ಮೊದಲು ಆ ಅಂಗದ ವಿಚಾರ. ಮೂತ್ರಪಿಂಡಗಳೆರಡೂ ಹಗಲು ರಾತ್ರಿ ರಕ್ತವನ್ನು ಸೋಸುತ್ತವೆ. ಸೋಸಿ ಬಂದ ನೀರು ಹನಿಹನಿಯಾಗಿ ಇಳಿದು ಕೆಳಗಿನ ಚೀಲದಲ್ಲಿ ಕೂಡುತ್ತದೆ. ಆ ಚೀಲವೇ ಮೂತ್ರಾಶಯ. ಬರಿದಾದಾಗ ಮುದುಡಿಕೊಂಡಿರುತ್ತದೆ, ತುಂಬಿದಾಗ ಹಿಗ್ಗಿ ಸುಮಾರು ಅರ್ಧ ಲೀಟರು ಹಿಡಿಯುತ್ತದೆ. ಅದರ ಒಳಮೈಗೆ ಒಂದು ತೆಳ್ಳನೆಯ ಪದರವುಂಟು. ಆ ಪದರದ ಮೇಲ್ಭಾಗದ ಜೀವಕೋಶಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆಯೆಂದರೆ, ದೇಹ ಹೊರಗೆ ಹಾಕಿದ ಕಲ್ಮಷ ತಿರುಗಿ ರಕ್ತಕ್ಕೆ ಇಳಿಯದಂತೆ ತಡೆದು ನಿಲ್ಲಿಸುತ್ತವೆ. ಮಳೆಗಾಲದಲ್ಲಿ ಬಟ್ಟೆಯ ಗಂಟು ನೆನೆಯದಿರಲೆಂದು ಲಾರಿಗೆ ತಾಡಪಾಲು ಹೊದಿಸುತ್ತೇವಲ್ಲ, ಅಂಥದೇ ಏರ್ಪಾಡು. ಈ ತಾಡಪಾಲಿನ ಗುಣವನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಇದೇ ಮದ್ದಿಗೆ ಅಡ್ಡಿಯಾಗಿ ನಿಲ್ಲುತ್ತದೆ.

ಈ ರೋಗಕ್ಕೂ ದುಡಿಯುವ ಜನಕ್ಕೂ ಹಳೆಯ ನಂಟು. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯ, ಫುಕ್ಸಿನ್ ಎಂಬ ಕೆನ್ನೀಲಿ ಬಣ್ಣ ತಯಾರಿಸುವ ಕೆಲಸಗಾರರಲ್ಲಿ ಮೂತ್ರಾಶಯದ ಗಡ್ಡೆ ಕಾಣಿಸಿಕೊಳ್ಳುತ್ತಿದೆಯೆಂದು ವೈದ್ಯರ ಸಭೆಯ ಮುಂದೆ ಇಟ್ಟ. ಅದೇ ವರ್ಷ ಅದೇ ದೇಶದಲ್ಲಿ ರಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು. ಅಂದರೆ ಈ ರೋಗದ ಒಂದು ಕಾರಣವೂ, ಒಡಲೊಳಗನ್ನು ಕೊಯ್ಯದೆ ನೋಡುವ ಉಪಾಯವೂ ಒಂದೇ ವರ್ಷ ಲೋಕಕ್ಕೆ ತಿಳಿದುಬಂದವು. 1938ರಲ್ಲಿ ಅಮೆರಿಕದಲ್ಲಿ ಹ್ಯೂಪರ್ ಮತ್ತು ಸಂಗಡಿಗರು ಬೀಟಾ ನ್ಯಾಫ್ತಿಲಮೀನ್ ಎಂಬ ರಾಸಾಯನಿಕದಿಂದ ನಾಯಿಗಳಿಗೆ ಈ ಗಡ್ಡೆ ಬರುತ್ತದೆಂದು ತೋರಿಸಿದರು. ಬಣ್ಣದ ಕಾರ್ಖಾನೆಗಳಲ್ಲಿ ಅದನ್ನು ತಯಾರಿಸಬಾರದೆಂಬ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1967ರಲ್ಲಿ. ರೇನ್ ಹೇಳಿದ ಮೇಲೆ ಎಪ್ಪತ್ತೆರಡು ವರ್ಷ! ಕೆಲಸಗಾರನ ಮೈಗೆ ಬಂದದ್ದು ಕಾಗದದ ಮೇಲೆ ಬರಲು ಇಷ್ಟು ಕಾಲ ಬೇಕಾಯಿತು. ನಮ್ಮ ಗಿರಣಿಗಳಲ್ಲಿ ಬಣ್ಣದ ಖಾತೆಯವರು ಬಣ್ಣ ಅದ್ದುವವರು, ತಯಾರಿಸುವವರಲ್ಲ. ಆದುದರಿಂದ ಯಾರೂ ಸುಮ್ಮನೆ ಹೆದರಬೇಕಾದ್ದಿಲ್ಲ. ಆದರೆ ಬಣ್ಣದ ಪುಡಿಯನ್ನು ಬರಿಗೈಯಲ್ಲಿ ಕಲೆಸುವ ಅಭ್ಯಾಸ ಇದ್ದವರು ಅದನ್ನು ಬಿಡುವುದು ಒಳಿತು.

ಬಣ್ಣಕ್ಕಿಂತ ದೊಡ್ಡ ಕಾರಣ ನಮ್ಮ ಜೇಬಿನಲ್ಲೇ ಇದೆ—ಬೀಡಿ, ಸಿಗರೇಟು. ಹೊಗೆ ಹೋಗುವುದು ಎದೆಗೂಡಿಗೆ, ಮೂತ್ರಾಶಯಕ್ಕೇನು ಸಂಬಂಧ ಎಂದು ಕೇಳುವವರುಂಟು. ಹೊಗೆಯ ವಿಷ ರಕ್ತಕ್ಕಿಳಿಯುತ್ತದೆ. ರಕ್ತದಿಂದ ಮೂತ್ರಪಿಂಡ ಸೋಸಿ ಕೆಳಗಿಳಿಸುತ್ತದೆ. ಕೆಳಗಿನ ಚೀಲದಲ್ಲಿ ಅದು ತಾಸುಗಟ್ಟಲೆ ನಿಂತು ಒಳಮೈಯನ್ನು ತೋಯಿಸುತ್ತಿರುತ್ತದೆ. ಈ ರೋಗ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಧೂಮಪಾನವೇ ಕಾರಣವೆಂದು ಅಮೆರಿಕದಲ್ಲಿ ಲೆಕ್ಕ ಹಾಕಿದ್ದಾರೆ.

ಇನ್ನು ಲಕ್ಷಣ. ಇದನ್ನು ಸ್ವಲ್ಪ ತಡೆದು ಹೇಳುತ್ತೇವೆ, ಕೇಳಬೇಕು. ಮೂತ್ರದಲ್ಲಿ ರಕ್ತ ಬರುತ್ತದೆ, ನೋವಿರುವುದಿಲ್ಲ. ಒಂದು ದಿನ ಬಂದು ನಿಂತೂ ಹೋಗುತ್ತದೆ. ನೋವಿಲ್ಲ, ನಿಂತೂ ಹೋಯಿತು. ಅಲ್ಲಿಗೆ ಮನುಷ್ಯ ಮರೆತುಬಿಡುತ್ತಾನೆ. ನಮ್ಮ ಪರಿಚಯದ ಹಿರಿಯರೊಬ್ಬರು, ಧಾರವಾಡದ ಕಡೆಯವರು, ಇದನ್ನು ಕಂಡು 'ಉಷ್ಣ ಆಗೇದ' ಎಂದು ಎಳನೀರು, ಜೀರಿಗೆ ನೀರು, ಮಜ್ಜಿಗೆ ಕುಡಿಯುತ್ತ ಎಂಟು ತಿಂಗಳು ಕಳೆದರು. ಊರಿನವರಿಗೂ ಹೇಳಲಿಲ್ಲ, ಕೊಠಡಿಯ ಜೊತೆಗಾರರಿಗೂ ಹೇಳಲಿಲ್ಲ. ರಜೆ ಕೇಳಿದರೆ ಪಗಾರ ಕಡಿತವಾಗುತ್ತದೆಂಬ ಅಂಜಿಕೆಯೂ ಇತ್ತು. ಕೊನೆಗೆ ಹೋಗಿ ತೋರಿಸಿದಾಗ ಗಡ್ಡೆ ಇತ್ತು. ಪುಣ್ಯಕ್ಕೆ ಅದು ಒಳಪದರವನ್ನು ದಾಟಿ ಸ್ನಾಯುವಿಗೆ ಇಳಿದಿರಲಿಲ್ಲ. ಉಷ್ಣವೂ ಇರಬಹುದು, ಕಲ್ಲೂ ಇರಬಹುದು, ಸೋಂಕೂ ಇರಬಹುದು. ಯಾವುದೆಂದು ಹೇಳುವುದು ಎಳನೀರಿನ ಕೆಲಸವಲ್ಲ.

ಸ್ನಾಯುವಿಗೆ ಇಳಿಯದ ಗಡ್ಡೆಯನ್ನು ವೈದ್ಯರು ಮೂತ್ರದ ದಾರಿಯಿಂದಲೇ ಉಪಕರಣ ತೂರಿಸಿ ಕೆರೆದು ತೆಗೆಯುತ್ತಾರೆ, ಹೊಟ್ಟೆ ಕೊಯ್ಯುವುದಿಲ್ಲ. ಆದರೆ ಈ ಗಡ್ಡೆಗೆ ಒಂದು ಕೆಟ್ಟ ಗುಣ—ಕರಿಕೆ ಹುಲ್ಲಿನ ಹಾಗೆ ಮತ್ತೆ ಮತ್ತೆ ಚಿಗುರುತ್ತದೆ. ಅದಕ್ಕಾಗಿ ತೆಗೆದ ಮೇಲೆ ಮೂತ್ರಾಶಯದೊಳಕ್ಕೇ ಮದ್ದು ಬಿಡುವ ರೂಢಿ. ಕ್ಯಾಥೆಟರ್ ಎಂಬ ಮೆತ್ತನೆಯ ನಳಿಗೆಯಿಂದ ಮದ್ದಿನ ನೀರನ್ನು ಒಳಗೆ ಬಿಟ್ಟು, ಒಂದೆರಡು ತಾಸು ಹಿಡಿದಿಟ್ಟುಕೊಳ್ಳಲು ಹೇಳಿ, ಅನಂತರ ಮೂತ್ರದೊಡನೆ ಹೊರಹಾಕಿಸುತ್ತಾರೆ. ಹೆಚ್ಚಾಗಿ ವಾರಕ್ಕೊಂದರಂತೆ ಆರು ವಾರ. ಕೆಲವರಿಗೆ ಕೊಡುವುದು ಬಿ.ಸಿ.ಜಿ.—ಕ್ಷಯಕ್ಕೆ ಮಕ್ಕಳಿಗೆ ಚುಚ್ಚುವ ಅದೇ ಲಸಿಕೆ. ಕೆನಡಾದಲ್ಲಿ ಮೊರಾಲೆಸ್ ಎಂಬ ವೈದ್ಯ 1976ರಲ್ಲಿ ಇದರ ಉಪಯೋಗ ತೋರಿಸಿದ. ಉಳಿದವರಿಗೆ ಕೊಡುವುದು ಕೀಮೋಥೆರಪಿ: ಜಪಾನಿನಲ್ಲಿ ಮಣ್ಣಿನ ಜೀವಾಣುಗಳಿಂದ ತೆಗೆದ ಮೈಟೊಮೈಸಿನ್ ಎಂಬ ನೇರಳೆ ಬಣ್ಣದ ಮದ್ದು, ಅಥವಾ ಜೆಮ್‌ಸೈಟಬೀನ್. ರಕ್ತಕ್ಕೆ ಚುಚ್ಚಿದರೆ ಮೈಯೆಲ್ಲ ಸುತ್ತುವ ಮದ್ದು ಇಲ್ಲಿ ಒಂದೇ ಚೀಲದಲ್ಲಿ ನಿಂತು ಕೆಲಸ ಮಾಡುತ್ತದೆ. ಆದ್ದರಿಂದ ಕೂದಲು ಉದುರುವುದು, ವಾಂತಿ ಮೊದಲಾದ ತೊಂದರೆ ಬಹಳ ಕಡಿಮೆ. ಗುರಿಯಿಟ್ಟು ಕೊಡುವ ಚಿಕಿತ್ಸೆಯೆಂದರೆ ಇದರಷ್ಟು ಸರಳವಾದದ್ದು ಬೇರೆ ಇಲ್ಲ.

ಆ ಹಿರಿಯರಿಗೂ ಇದೇ ನಡೆಯಿತು. ಮೂರನೆಯ ವಾರ ನಾವು ಜೊತೆಗೆ ಹೋಗಿದ್ದೆವು. ಹೊರಗೆ ಬಂದವರು ಚಹಾದ ಅಂಗಡಿಯಲ್ಲಿ ಕೂತು ಕೇಳಿದರು: "ಅಲ್ಲಪಾ ತಮ್ಮಾ, ಆ ನೀರು ಒಳಗ ಹೋಗಿ ಎರಡು ತಾಸು ಕೂತು, ಹ್ಯಾಂಗ ಹೋಗಿತ್ತೊ ಹಂಗ ಹೊರಗ ಬರತೈತಿ. ಅದು ಮುಟ್ಟಬೇಕಾದಲ್ಲಿ ಮುಟ್ಟೇತಿ ಅಂತ ಇವರಿಗೆ ಹ್ಯಾಂಗ ಗೊತ್ತು?"

ನಮಗೆ ಉತ್ತರ ತೋಚಲಿಲ್ಲ. ಆದರೆ ಪ್ರಶ್ನೆ ನಮ್ಮ ಖಾತೆಯದೇ ಆಗಿತ್ತು. ಗಿರಣಿಯಿಂದ ಮಾಲು ಹೊರಟಿತೆಂದು ಬರೆಯುವುದು ಒಂದು ಪುಸ್ತಕ, ಮುಟ್ಟಿತೆಂದು ಬರೆಯುವುದು ಇನ್ನೊಂದು. ಗೇಟ್ ಪಾಸ್ ಇದೆ, ಲಾರಿ ನಂಬರು ಇದೆ, ಚಲನ್ ಇದೆ. ಆದರೂ ಆಚೆಯವನ ಸಹಿಯ ರಸೀದಿ ಬರುವವರೆಗೆ ಲೆಕ್ಕ ಮುಗಿಯುವುದಿಲ್ಲ. ಹಿಂದೆ ನಮ್ಮ ತಂದೆಯ ಕಾಲದವರು ಊರಿಗೆ ಮನಿಯಾರ್ಡರು ಮಾಡಿ, ತಾಯಿಯ ಹೆಬ್ಬೆಟ್ಟಿನ ಗುರುತಿದ್ದ ಆ ತುಂಡು ಕಾಗದ ತಿರುಗಿ ಬರುವವರೆಗೆ ಎಷ್ಟು ಸಲ ಅಂಚೆಯವನ ದಾರಿ ನೋಡುತ್ತಿದ್ದರು! ಮದ್ದಿನ ವಿಷಯದಲ್ಲಿ ಅಂಥ ರಸೀದಿ ಉಂಟೇ? ಇದನ್ನು ತಿಳಿಯಲೆಂದೇ ನಾವು ಓದತೊಡಗಿದ್ದು.

ಬಹುಕಾಲ ವೈದ್ಯರು ನೋಡಿದ್ದು ರಸೀದಿಯನ್ನಲ್ಲ, ಫಲವನ್ನು. ಮೂರು ತಿಂಗಳಿಗೊಮ್ಮೆ ದುರ್ಬೀನು ಹಾಕಿ ನೋಡುವುದು. ಗಡ್ಡೆ ಚಿಗುರದಿದ್ದರೆ ಮದ್ದು ಮುಟ್ಟಿರಬೇಕು, ಚಿಗುರಿದ್ದರೆ ಇಲ್ಲ. ಈ ದುರ್ಬೀನು, ಸಿಸ್ಟೊಸ್ಕೋಪು, ಬಹಳ ಹಳೆಯದು. ಮ್ಯಾಕ್ಸಿಮಿಲಿಯನ್ ನಿಟ್ಜೆ ಎಂಬ ಜರ್ಮನ್ ವೈದ್ಯ 1877ರಲ್ಲಿ ಡ್ರೆಸ್ಡೆನ್ನಿನಲ್ಲಿ ಇದನ್ನು ತೋರಿಸಿದ. ವಿದ್ಯುದ್ದೀಪದ ಬುರುಡೆ ಇನ್ನೂ ಬಾರದ ಕಾಲ. ಪ್ಲಾಟಿನಂ ತಂತಿಯನ್ನು ಕೆಂಪಗೆ ಕಾಯಿಸಿ, ಒಳಗೆ ಸುಡದಂತೆ ಸುತ್ತ ತಣ್ಣೀರು ಹರಿಸಿ ಬೆಳಕು ಮಾಡಿಕೊಂಡಿದ್ದನಂತೆ. ಇಂದಿನ ರೋಗಿಗಳು ಸಿಸ್ಟೊಸ್ಕೋಪಿಗೆ ಹೆದರುತ್ತಾರೆ. ಆ ಕಾಲದ ರೋಗಿಗಳ ಧೈರ್ಯಕ್ಕೆ ಕೈಮುಗಿಯಬೇಕು.

ಮುಟ್ಟಿತೇ ಎಂಬ ಪ್ರಶ್ನೆಯನ್ನು ಲೆಕ್ಕದಿಂದ ಹಿಡಿದವರೂ ಇದ್ದಾರೆ. ಅಮೆರಿಕದ ಓಹಾಯೊದಲ್ಲಿ ಜೆಸ್ಸಿ ಆವ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು ಮೈಟೊಮೈಸಿನ್ ಮೂತ್ರಾಶಯದ ಗೋಡೆಯೊಳಗೆ ಎಷ್ಟು ಆಳ ಇಳಿಯುತ್ತದೆಂದು ಅಳೆದರು. ತಿಳಿದದ್ದು ಇದು: ಸುಮಾರು ಪ್ರತಿ ಅರ್ಧ ಮಿಲಿಮೀಟರಿಗೆ ಮದ್ದಿನ ಸಾಂದ್ರತೆ ಅರ್ಧಕ್ಕಿಳಿಯುತ್ತದೆ. ಒಳಪದರದ ಬುಡದಲ್ಲಿ ಹದಿನಾರಾಣೆ ಇದ್ದರೆ, ಅರ್ಧ ಮಿಲಿಮೀಟರು ಕೆಳಗೆ ಎಂಟಾಣೆ, ಒಂದು ಮಿಲಿಮೀಟರು ಕೆಳಗೆ ನಾಲ್ಕಾಣೆ, ಎರಡು ಮಿಲಿಮೀಟರು ಕೆಳಗೆ ಒಂದಾಣೆ. ಮೇಲಿನ ತಾಡಪಾಲು ತಡೆದದ್ದು ಇದಕ್ಕೆ ಹೊರತು. ಮೂತ್ರ ಹೆಚ್ಚಾಗಿದ್ದರೆ ಮದ್ದು ಇನ್ನೂ ತೆಳುವಾಗುತ್ತದೆ, ಹಾಲಿಗೆ ನೀರು ಬೆರೆಸಿದಂತೆ. ಮೂತ್ರ ಹುಳಿಯಾಗಿದ್ದರೆ ಮೈಟೊಮೈಸಿನ್ ಕೆಟ್ಟುಹೋಗುತ್ತದೆ. ಆದ್ದರಿಂದ ರೋಗಿಗೆ ನೀರು ಕಡಿಮೆ ಮಾಡಿಸಿ, ಮೂತ್ರವನ್ನು ಕ್ಷಾರಗೊಳಿಸಿ, ಮೂತ್ರಾಶಯವನ್ನು ಪೂರ್ತಿ ಬರಿದು ಮಾಡಿ, 20 ಮಿಲಿಲೀಟರಿನಲ್ಲಿ 40 ಮಿಲಿಗ್ರಾಂ ಮದ್ದು ಕೊಟ್ಟರು. ಇನ್ನೊಂದು ಗುಂಪಿಗೆ ಈ ಏರ್ಪಾಡು ಯಾವುದೂ ಇಲ್ಲದೆ 20 ಮಿಲಿಗ್ರಾಂ. 2001ರಲ್ಲಿ ಪ್ರಕಟವಾದ ಫಲ: ಐದು ವರ್ಷಗಳಲ್ಲಿ ಗಡ್ಡೆ ಮರಳದೆ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 41, ಎರಡನೆಯದರಲ್ಲಿ ನೂರಕ್ಕೆ ಸುಮಾರು 25. ಮದ್ದಿನ ತೂಕವೂ ಎರಡು ಪಟ್ಟಾಗಿತ್ತಲ್ಲ, ಎಲ್ಲ ಕೀರ್ತಿ ನೀರಿನ ಲೆಕ್ಕಕ್ಕೇ ಸಲ್ಲದು ಎಂದು ನಮಗೆ ತೋರುತ್ತದೆ. ಆದರೂ ಮದ್ದು ಹೊಸದಲ್ಲ. ಮುಟ್ಟಿಸುವ ಕ್ರಮವನ್ನು ಸರಿಮಾಡಿದ್ದಕ್ಕೆ ಇಷ್ಟು ಜನ ಉಳಿದರು ಎಂಬುದು ಸಣ್ಣ ಮಾತಲ್ಲ.

ಈಗ ಚಿತ್ರದ ಮಾತಿಗೆ ಬರುತ್ತೇವೆ.

ಎಲ್ಲರಿಗೂ ಪರಿಚಯವಿರುವುದು ಸೋನೋಗ್ರಾಫಿ. ಮದ್ದು ಬಿಡುವ ಮೊದಲು ಮೂತ್ರಾಶಯದಲ್ಲಿ ಎಷ್ಟು ಮೂತ್ರ ಉಳಿದಿದೆಯೆಂದು ಹೊಟ್ಟೆಯ ಮೇಲಿಂದಲೇ ಅದು ಅಳೆದು ಹೇಳುತ್ತದೆ. ಅಗ್ಗದ್ದು, ನೋವಿಲ್ಲ. ಮದ್ದನ್ನು ಅದು ತೋರಿಸುವುದಿಲ್ಲ. ಮದ್ದಿಗೆ ಜಾಗ ಬರಿದಾಗಿದೆಯೇ ಎಂಬುದನ್ನಷ್ಟೇ ತೋರಿಸುತ್ತದೆ. ಎಂ.ಆರ್.ಐ. ಗಡ್ಡೆ ಒಳಪದರದಲ್ಲಿದೆಯೋ ಸ್ನಾಯುವಿಗೆ ಇಳಿದಿದೆಯೋ ಎಂಬುದನ್ನು ಚೆನ್ನಾಗಿ ಹೇಳುತ್ತದೆ. 2018ರಿಂದ ಅದಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡುವ ಪದ್ಧತಿಯೂ ಬಂದಿದೆ. ನೀಲಿ ಬೆಳಕಿನ ದುರ್ಬೀನು ಇನ್ನೊಂದು. ಅದಕ್ಕೆ ಮೊದಲು ಒಂದು ದ್ರವವನ್ನು ಮೂತ್ರಾಶಯಕ್ಕೆ ಬಿಡುತ್ತಾರೆ. ಅದನ್ನು ಗಡ್ಡೆಯ ಕೋಶಗಳು ಹೆಚ್ಚಾಗಿ ಹೀರಿಕೊಂಡು, ನೀಲಿ ಬೆಳಕು ಬಿದ್ದಾಗ ಕೆಂಪಗೆ ಹೊಳೆಯುತ್ತವೆ. ಬಿಳಿ ಬೆಳಕಿನಲ್ಲಿ ಕಣ್ತಪ್ಪಿದ ಚುಕ್ಕೆಗಳೂ ಸಿಕ್ಕಿಬೀಳುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ: ಒಳಗೆ ಬಿಟ್ಟ ವಸ್ತು ಗಡ್ಡೆಯನ್ನು ಮುಟ್ಟಿತೆಂಬುದನ್ನು ಕಣ್ಣಾರೆ ಕಾಣುವುದು ಸಾಧ್ಯವೆಂದು ಇದರಿಂದ ಸಿದ್ಧವಾಯಿತು. ಆದರೆ ಆ ವಸ್ತು ಮದ್ದಲ್ಲ, ಬರೀ ಗುರುತು.

ಮದ್ದಿಗೇ ಗುರುತು ಹಚ್ಚಿದರೆ? ಈ ಯೋಚನೆಯೇ ಹೊಸ ಸಂಶೋಧನೆಯ ತಿರುಳು. ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಮೂತ್ರಾಶಯದ ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಳ್ಳುವ ಒಂದು ಚಿಕ್ಕ ಪ್ರೋಟೀನಿನ ತುಣುಕನ್ನು ಹುಡುಕಿ ತೆಗೆದರು, ಅದಕ್ಕೆ ಪಿ.ಎಲ್.ಝಡ್.-4 ಎಂದು ಹೆಸರು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಮದ್ದನ್ನು ಬಹು ಸಣ್ಣ ಗುಳಿಗೆಗಳಲ್ಲಿ ತುಂಬಿ, ಗುಳಿಗೆಯ ಮೈಮೇಲೆ ಆ ತುಣುಕನ್ನು ವಿಳಾಸದ ಚೀಟಿಯಂತೆ ಅಂಟಿಸಿ, ಒಳಗೆ ಹೊಳೆಯುವ ಒಂದು ಬಣ್ಣವನ್ನೂ ಸೇರಿಸಿದರು. ಮನುಷ್ಯನ ಗಡ್ಡೆಯನ್ನು ಬೆಳೆಸಿದ ಇಲಿಗಳ ರಕ್ತಕ್ಕೆ ಇದನ್ನು ಬಿಟ್ಟು ವಿಶೇಷ ಕ್ಯಾಮೆರಾದಿಂದ ನೋಡಿದಾಗ, ವಿಳಾಸವಿದ್ದ ಗುಳಿಗೆಗಳು ವಿಳಾಸವಿಲ್ಲದವುಗಳಿಗಿಂತ ಹೆಚ್ಚಾಗಿ ಗಡ್ಡೆಯಲ್ಲಿ ಕೂಡಿದ್ದವು. 2012ರಲ್ಲಿ ಇದು ಪ್ರಕಟವಾಯಿತು. ಈ ವಿಳಾಸ ನಾಯಿಗಳ ಮೂತ್ರಾಶಯದ ಗಡ್ಡೆಗೂ ಹೊಂದುತ್ತದಂತೆ. ನಾಯಿಗಳಿಗೂ ಈ ರೋಗ ತಾನಾಗಿಯೇ ಬರುತ್ತದೆ; ಸ್ಕಾಟಿಷ್ ಟೆರಿಯರ್ ಎಂಬ ತಳಿಗೆ ಬೇರೆ ನಾಯಿಗಳಿಗಿಂತ ಹದಿನೆಂಟು ಇಪ್ಪತ್ತು ಪಟ್ಟು ಹೆಚ್ಚು. ಬೀಡಿ ಸೇದದ ಪ್ರಾಣಿಗೂ ಬರುತ್ತದಲ್ಲಾ ಎಂದು ನಗಬೇಡಿ. ತಳಿಯ ದೋಷವೆಂದು ಹೇಳುತ್ತಾರೆ.

ಹೊಳೆಯುವ ಬಣ್ಣಕ್ಕೆ ಒಂದು ಮಿತಿಯುಂಟು. ಇಲಿಯ ಮೈ ತೆಳ್ಳಗಿದೆ, ಬೆಳಕು ಹೊರಗೆ ಬರುತ್ತದೆ. ಮನುಷ್ಯನ ಹೊಟ್ಟೆಯ ಆಳದಿಂದ ಅಷ್ಟು ಬೆಳಕು ಹೊರಬಾರದು. ಅಲ್ಲಿಗೆ ಬೇಕಾದದ್ದು ಪೆಟ್ ಸ್ಕ್ಯಾನು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ಆಸ್ಪತ್ರೆಯ ಚೀಟಿಯಲ್ಲಿ ಈ ಹೆಸರನ್ನು ಕಂಡವರು ನಮ್ಮಲ್ಲಿದ್ದಾರೆ.

ವಸ್ತುವಿಗೆ ವಿಕಿರಣ ಸೂಸುವ ಒಂದು ಪರಮಾಣುವನ್ನು ಗುರುತಾಗಿ ಅಂಟಿಸುತ್ತಾರೆ. ಅದು ಪಾಸಿಟ್ರಾನ್ ಎಂಬ ಕಣವನ್ನು ಬಿಡುತ್ತದೆ. ಆ ಕಣ ಪಕ್ಕದ ಎಲೆಕ್ಟ್ರಾನಿಗೆ ತಾಗಿದ ಕ್ಷಣ ಎರಡೂ ಇಲ್ಲವಾಗಿ, ಎರಡು ಕಿರಣಗಳು ಒಂದಕ್ಕೊಂದು ನೇರ ವಿರುದ್ಧವಾಗಿ ಹಾರುತ್ತವೆ. ರೋಗಿಯ ಸುತ್ತ ಬಳೆಯಂತೆ ಇಟ್ಟ ಯಂತ್ರ ಎರಡನ್ನೂ ಒಟ್ಟಿಗೆ ಹಿಡಿದು, ಇವು ಹೊರಟ ಜಾಗ ಈ ಗೆರೆಯ ಮೇಲೆ ಎಲ್ಲೋ ಇದೆ ಎನ್ನುತ್ತದೆ. ಇಂಥ ಲಕ್ಷಾಂತರ ಗೆರೆಗಳು ಎಲ್ಲಿ ದಟ್ಟವಾಗಿ ಕೂಡುತ್ತವೆಯೋ ಅಲ್ಲಿ ವಸ್ತು ಇದೆ. ಎಷ್ಟಿದೆ ಎಂಬುದೂ ತಿಳಿಯುತ್ತದೆ. ಬರೀ ಫೋಟೋ ಅಲ್ಲ, ತೂಕದ ಚೀಟಿಯೂ ಹೌದು. ಗುಮಾಸ್ತರಿಗೆ ಇದು ಹಿಡಿಸದೆ ಇರಲಾರದು.

ಆದರೆ ಮೂತ್ರಾಶಯದ ವಿಷಯದಲ್ಲಿ ಸಾಮಾನ್ಯ ಪೆಟ್ ಸ್ಕ್ಯಾನಿಗೆ ಒಂದು ತಮಾಷೆಯ ತೊಡಕಿದೆ. ಸಾಮಾನ್ಯವಾಗಿ ಕೊಡುವುದು ಗುರುತು ಹಚ್ಚಿದ ಸಕ್ಕರೆ. ಹಸಿದ ಕ್ಯಾನ್ಸರ್ ಕೋಶಗಳು ಅದನ್ನು ಬಾಚಿಕೊಳ್ಳುತ್ತವೆ. ಬಾಚಿಕೊಳ್ಳದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಮೂತ್ರಕ್ಕೆ! ಮೂತ್ರಾಶಯವೇ ದೀಪಾವಳಿಯ ಹಾಗೆ ಬೆಳಗುತ್ತದೆ. ಆ ಬೆಳಕಿನಲ್ಲಿ ಗೋಡೆಯ ಗಡ್ಡೆ ಮರೆಯಾಗುತ್ತದೆ. ಆದುದರಿಂದ ರಕ್ತಕ್ಕೆ ಸಕ್ಕರೆ ಬಿಟ್ಟು ನೋಡುವುದಕ್ಕಿಂತ, ಮೂತ್ರಾಶಯಕ್ಕೆ ಬಿಡುವ ಪದಾರ್ಥಕ್ಕೇ ಗುರುತು ಹಚ್ಚುವ ಯೋಚನೆ ಇಲ್ಲಿ ಹೆಚ್ಚು ಹೊಂದುತ್ತದೆ.

ಇದನ್ನು ಮಾಡಿ ತೋರಿಸಿದವರು ಸ್ಪೇನ್ ದೇಶದವರು. ಬಾರ್ಸಿಲೋನಾದ ಸಾಮ್ಯುಯೆಲ್ ಸಾಂಚೆಸ್ ಎಂಬವರ ತಂಡ, ಸಾನ್ ಸೆಬಾಸ್ಟಿಯನ್ ಊರಿನ ಚಿತ್ರಣ ಕೇಂದ್ರದವರೊಡನೆ ಕೂಡಿ ಈ ಕೆಲಸ ಮಾಡಿತು. ಅವರ ಕಣಗಳು ಮರಳಿನ ಜಾತಿಯ ಸಿಲಿಕಾದಿಂದ ಮಾಡಿದ ಗುಂಡುಗಳು. ಒಂದೊಂದೂ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಸಣ್ಣದು. ಮೈತುಂಬ ಯೂರಿಯೇಸ್ ಎಂಬ ಕಿಣ್ವ. ಊರಿನಲ್ಲಿ ಹೊಲಕ್ಕೆ ಹಾಕುವ ಯೂರಿಯಾ ನಿಮಗೆ ಗೊತ್ತು; ಅದೇ ಯೂರಿಯಾ ನಮ್ಮೆಲ್ಲರ ಮೂತ್ರದಲ್ಲೂ ಇದೆ. ಈ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ. (1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಇದನ್ನು ಅವರೆ ಜಾತಿಯ ಒಂದು ಕಾಳಿನಿಂದ ಹರಳಾಗಿ ತೆಗೆದ, ಆ ಕೆಲಸಕ್ಕೆ 1946ರಲ್ಲಿ ನೊಬೆಲ್ ಪಾರಿತೋಷಕ ಬಂತು.) ಒಡೆಯುವ ಆ ಕ್ರಿಯೆಯ ನೂಕಿನಿಂದ ಗುಂಡು ತಾನೇ ಮುಂದಕ್ಕೆ ಚಲಿಸುತ್ತದೆ. ಮೂತ್ರವೇ ಅದಕ್ಕೆ ಎಣ್ಣೆ, ಮೂತ್ರವೇ ದಾರಿ. ಸುಮ್ಮನೆ ಬಿಟ್ಟ ಮದ್ದು ನಿಂತ ನೀರಿನಂತೆ ಒಂದು ಕಡೆ ತಂಗಬಹುದು. ಇವು ಕಲಕಿ ಹರಡುತ್ತವೆ.

ಚಲಿಸುತ್ತವೆಂದು ಹೇಳಿದರೆ ಸಾಲದು, ತೋರಿಸಬೇಕಲ್ಲ! 2021ರಲ್ಲಿ ಅವರು ಈ ಕಣಗಳಿಗೆ ವಿಕಿರಣದ ಗುರುತು ಹಚ್ಚಿ, ಜೀವಂತ ಇಲಿಯ ಮೂತ್ರಾಶಯದೊಳಗೆ ಇವು ಗುಂಪಾಗಿ ಓಡಾಡುವುದನ್ನು ಪೆಟ್ ಯಂತ್ರದಲ್ಲಿ ಹಿಡಿದರು. ಗುರುತಿಗೆ ಬಳಸಿದ ಪರಮಾಣುಗಳಲ್ಲಿ ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ, ಅಯೋಡಿನ್-124 ನಾಲ್ಕು ದಿನಕ್ಕೆ. ಬೇಗ ನೋಡುವುದಕ್ಕೆ ಒಂದು, ನಿಧಾನವಾಗಿ ನೋಡುವುದಕ್ಕೆ ಇನ್ನೊಂದು. 2024ರ ಜನವರಿಯಲ್ಲಿ ಮುಂದಿನ ಹೆಜ್ಜೆ ಪ್ರಕಟವಾಯಿತು. ಮೂತ್ರಾಶಯದಲ್ಲೇ ಗಡ್ಡೆ ಬೆಳೆಸಿದ ಇಲಿಗಳಿಗೆ ಈ ಕಣಗಳನ್ನು ಬಿಟ್ಟಾಗ, ಗಡ್ಡೆಯ ಜಾಗದಲ್ಲಿ ಇವು ಎಂಟು ಪಟ್ಟು ಹೆಚ್ಚಾಗಿ ಕೂಡಿದ್ದನ್ನು ಪೆಟ್ ಚಿತ್ರ ತೋರಿಸಿತು. ಅದಕ್ಕೂ ಅವರು ತೃಪ್ತರಾಗಲಿಲ್ಲ. ಗಡ್ಡೆಯ ಮೇಲೆ ಧೂಳಿನಂತೆ ಕೂತಿವೆಯೋ, ಒಳಗೆ ನುಗ್ಗಿವೆಯೋ? ಅದನ್ನು ಪೆಟ್ ಯಂತ್ರ ಹೇಳಲಾರದು. ಆದ್ದರಿಂದ ಇಲಿಯ ಮೂತ್ರಾಶಯವನ್ನು ಹೊರತೆಗೆದು, ಗಾಜಿನಂತೆ ಪಾರದರ್ಶಕ ಮಾಡಿ, ಬೆಳಕಿನ ತೆಳು ಹಾಳೆಯೊಂದನ್ನು ಅದರ ಮೂಲಕ ಹಾಯಿಸುತ್ತ ಪದರಪದರವಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳಗೆ ನುಗ್ಗಿದ್ದವು. ಕೊನೆಗೆ ಗುರುತಿನ ಬದಲು ಕೊಲ್ಲುವ ವಿಕಿರಣ ಅಯೋಡಿನನ್ನು ಹೊರಿಸಿ ಬಿಟ್ಟಾಗ ಗಡ್ಡೆಯ ಗಾತ್ರ ನೂರಕ್ಕೆ ತೊಂಬತ್ತರಷ್ಟು ಇಳಿಯಿತು.

ಇಲ್ಲಿ ಎರಡು ಮಾತು ಹೇಳಲೇಬೇಕು. ಇಲ್ಲದಿದ್ದರೆ ನಾಳೆ ಯಾರಾದರೂ ಆಸ್ಪತ್ರೆಗೆ ಹೋಗಿ 'ಈಜುವ ಗುಳಿಗೆ ಕೊಡಿ' ಎಂದು ಕೇಳಿಯಾರು. ಅವರು ಹೊರಿಸಿದ್ದು ವಿಕಿರಣದ ಮದ್ದು, ಕೀಮೋ ಅಲ್ಲ. ಕೀಮೋ ಹೊರಿಸಿದರೂ ಹೀಗೇ ಆದೀತೆಂದು ಇದರಿಂದ ಸಿದ್ಧವಾಗುವುದಿಲ್ಲ. ಮತ್ತೆ ಇದೆಲ್ಲ ನಡೆದದ್ದು ಇಲಿಯಲ್ಲಿ. ಇಲಿಯ ಮೂತ್ರಾಶಯ ಹಿಡಿಯುವುದು ಕೆಲವೇ ಹನಿ. ನಮ್ಮದು ಅರ್ಧ ಲೀಟರು. ಅಷ್ಟು ದೊಡ್ಡ ಕೆರೆಯಲ್ಲಿ ಈ ಮೀನುಗಳು ಹೇಗೆ ಈಜುತ್ತವೆ, ಉಳಿದವು ಎಲ್ಲಿಗೆ ಹೋಗುತ್ತವೆ—ಇವೆಲ್ಲ ಮನುಷ್ಯರಲ್ಲಿ ನೋಡಿಯೇ ತಿಳಿಯಬೇಕಾದ ಸಂಗತಿಗಳು. ಪತ್ರಿಕೆಯವರು ಇಲಿಯ ಸುದ್ದಿಯನ್ನು ಮನುಷ್ಯನ ಸುದ್ದಿಯೆಂಬಂತೆ ತಲೆಬರಹ ಕೊಟ್ಟು ಅಚ್ಚುಮಾಡುತ್ತಾರೆ. ಮನೆಯಲ್ಲಿ ರೋಗಿಯನ್ನಿಟ್ಟುಕೊಂಡವರು ಅದನ್ನು ಓದಿ ಆಸೆಪಡುತ್ತಾರೆ, ಇದ್ದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಅದನ್ನೇ ಕಾಯುವವರೂ ಉಂಟು. ಇದು ನಮಗೆ ಸರಿ ಕಾಣುವುದಿಲ್ಲ.

ಮನುಷ್ಯರಲ್ಲೇ ನಡೆದ ಒಂದು ಕೆಲಸವನ್ನೂ ಹೇಳಿಬಿಡುತ್ತೇವೆ. ರೋಗ ಮೂತ್ರಾಶಯ ದಾಟಿ ಹರಡಿದ ಮೇಲೆ ಮದ್ದನ್ನು ರಕ್ತಕ್ಕೇ ಕೊಡಬೇಕಾಗುತ್ತದೆ. ಎನ್‌ಫೋರ್ಟುಮಾಬ್ ವೆಡೋಟಿನ್ ಎಂಬ ಮದ್ದಿಗೆ 2019ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದು ವಿಳಾಸವಿರುವ ಕೀಮೋ: ಕ್ಯಾನ್ಸರ್ ಕೋಶದ ಮೈಮೇಲಿರುವ ನೆಕ್ಟಿನ್-4 ಎಂಬ ಕೊಂಡಿಯನ್ನು ಹುಡುಕಿ ಹಿಡಿದು, ವಿಷವನ್ನು ಒಳಗೆ ಇಳಿಸುತ್ತದೆ. ಇದನ್ನು ಪೆಂಬ್ರೊಲಿಝುಮಾಬ್ ಎಂಬ ಇನ್ನೊಂದು ಮದ್ದಿನೊಡನೆ ಕೊಟ್ಟಾಗ ರೋಗಿಗಳ ಆಯುಷ್ಯದ ಮಧ್ಯಮ ಅಂಕೆ 31.5 ತಿಂಗಳು, ಹಳೆಯ ಕೀಮೋದಲ್ಲಿ 16.1 ತಿಂಗಳು. ಆದರೆ ಕೊಂಡಿ ಎಲ್ಲ ಗಡ್ಡೆಗಳಲ್ಲೂ ಒಂದೇ ಸಮನಾಗಿ ಇರುವುದಿಲ್ಲ. 2023ರಲ್ಲಿ ಬೀಜಿಂಗಿನ ವೈದ್ಯರು ನೆಕ್ಟಿನ್-4ಕ್ಕೆ ಅಂಟುವ ಒಂದು ಗುರುತನ್ನು ರೋಗಿಗಳಿಗೆ ಕೊಟ್ಟು ಪೆಟ್ ಚಿತ್ರ ತೆಗೆದರು. ಕೊಂಡಿ ಎಲ್ಲೆಲ್ಲಿದೆಯೆಂಬುದು ಅದರಲ್ಲಿ ಕಾಣುತ್ತದೆ. ಮಾಲು ಕಳಿಸುವ ಮೊದಲೇ ಆಚೆಯ ಗೋದಾಮಿನ ಬಾಗಿಲು ತೆರೆದಿದೆಯೇ ಎಂದು ವಿಚಾರಿಸಿದ ಹಾಗೆ. ಈ ಮದ್ದುಗಳ ಬೆಲೆ ನಮ್ಮಂಥವರ ಪಗಾರಕ್ಕೆ ನಿಲುಕುವುದಲ್ಲ. ಅಷ್ಟು ದುಬಾರಿಯ ಮದ್ದು ಯಾರಿಗೆ ಮುಟ್ಟುತ್ತದೆ, ಯಾರಿಗೆ ಮುಟ್ಟದೆ ವ್ಯರ್ಥವಾಗುತ್ತದೆಂದು ಮೊದಲೇ ತಿಳಿಯುವುದು ಬಡವನಿಗೇ ಹೆಚ್ಚು ಬೇಕಾದದ್ದು ಎಂದು ನಮ್ಮ ಅಭಿಪ್ರಾಯ.

ಮದ್ದನ್ನು ಹೆಚ್ಚು ಹೊತ್ತು ನಿಲ್ಲಿಸುವ ಉಪಾಯವೂ ಬಂದಿದೆ. ಚಕ್ಕುಲಿಯಂತೆ ಸುತ್ತಿಕೊಳ್ಳುವ ಒಂದು ಸಣ್ಣ ಕೊಳವೆಯಲ್ಲಿ ಜೆಮ್‌ಸೈಟಬೀನ್ ತುಂಬಿ ಮೂತ್ರಾಶಯದಲ್ಲಿ ಮೂರು ವಾರ ಬಿಡುತ್ತಾರೆ. ಅದು ಸ್ವಲ್ಪಸ್ವಲ್ಪವಾಗಿ ಮದ್ದು ಸೂಸುತ್ತದೆ. ಬಿ.ಸಿ.ಜಿ. ಫಲಿಸದ ಕೆಲವು ರೋಗಿಗಳಿಗಾಗಿ 2025ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು.

ಚಿತ್ರದ ರಸೀದಿ ಸಾಮಾನ್ಯ ಆಸ್ಪತ್ರೆಗೆ ಬರುವವರೆಗೆ ರೋಗಿಯ ಕೈಯಲ್ಲಿ ಏನೂ ಇಲ್ಲವೆಂದು ತಿಳಿಯಬೇಡಿ. ಮದ್ದು ಬಿಡುವ ದಿನ ಬೆಳಿಗ್ಗೆ ನೀರು, ಚಹಾ ಎಷ್ಟು ಕುಡಿಯಬಹುದೆಂದು ಮೊದಲೇ ಕೇಳಿಕೊಳ್ಳಬೇಕು. ಹೆಚ್ಚು ಕುಡಿದರೆ ಮದ್ದು ತೆಳುವಾಗುತ್ತದೆ. ಒಳಗೆ ಹೋಗುವ ಮುನ್ನ ಪೂರ್ತಿ ಮೂತ್ರ ಮಾಡಿಕೊಂಡು ಹೋಗಬೇಕು. ಹೇಳಿದಷ್ಟು ಹೊತ್ತು ತಡೆಯಲಾಗದೆ ಅರ್ಧ ತಾಸಿಗೇ ಹೊರಗೆ ಹೋದರೆ ನಾಚಿಕೆಪಟ್ಟು ಮುಚ್ಚಿಡದೆ ನರ್ಸಿಗೆ ಹೇಳಬೇಕು; ಅವರ ಪುಸ್ತಕದಲ್ಲಿ 'ಎರಡು ತಾಸು' ಎಂದೇ ಬರೆದುಹೋದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಆ ದಿನದ ಮೂತ್ರದಲ್ಲಿ ಮದ್ದು ಇರುತ್ತದೆ; ಚಾಳಿನ ಸಾಮಾನ್ಯ ಪಾಯಖಾನೆ ಬಳಸುವವರು ಕೂತು ಮಾಡಿ, ಧಾರಾಳ ನೀರು ಹಾಕಿ, ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ದುರ್ಬೀನಿಗೆ ಬಾ ಎಂದರೆ, ಜಾತ್ರೆಗೆ ಊರಿಗೆ ಹೋಗುವ ಕಾರಣಕ್ಕೆ ಅದನ್ನು ತಪ್ಪಿಸಬಾರದು. ಊರಿಗೆ ಹೋಗಲೇಬೇಕಾದರೆ ಕಾಗದಗಳನ್ನು ಜೊತೆಗೊಯ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ತೋರಿಸಲು ಅನುಕೂಲ.

ಮೂತ್ರಾಶಯದ ಒಂದು ನಕಾಶೆಯನ್ನೂ, ಪೆಟ್ ಯಂತ್ರದ ಗೆರೆಗಳು ಕೂಡುವ ಬಗೆಯನ್ನೂ ದೊಡ್ಡ ಹಾಳೆಯಲ್ಲಿ ಬರೆದು ಪತ್ರಿಕೆಗಳ ಮೇಜಿನ ಪಕ್ಕದ ಗೋಡೆಗೆ ಹಚ್ಚಿದ್ದೇವೆ. ನಾಲ್ಕು ಜನರೆದುರು ಕೇಳಲು ಸಂಕೋಚವಿದ್ದವರು ವಾಚನಾಲಯ ಮುಚ್ಚುವ ಹೊತ್ತಿಗೆ ಬನ್ನಿ. ಬೀಗ ಹಾಕಿ ಒಟ್ಟಿಗೇ ನಡೆದುಹೋಗುತ್ತ ಮಾತಾಡಬಹುದು. ಆಸ್ಪತ್ರೆಗೆ ಜೊತೆಗೆ ಬರಲು ಒಬ್ಬರು ಬೇಕೆಂದರೆ ಹಿಂದಿನ ದಿನವೇ ತಿಳಿಸಿದರೆ ಪಾಳಿ ಬದಲಾಯಿಸಿಕೊಳ್ಳುತ್ತೇವೆ.